ಲೇಕ್ ಪಕ್ಕದ ಮನೆಗೆ ಸನ್‌ರೂಮ್: ವೇರಿಯನ್ಸ್ ಕೇಳುವ ಮೊದಲು

ಅಕ್ಕ, ಮಿನೆಸೋಟಾದಲ್ಲಿ ಲೇಕ್ ಪಕ್ಕದ ಹಳೇ ಮನೆ ತೆಗೆದುಕೊಂಡಿದ್ದೀರಿ. ಚಳಿಗಾಲದಲ್ಲಿ ಕರಿಬೇವು, ಮಲ್ಲಿಗೆ ಕುಂಡಗಳನ್ನು ಇಡಲು ನೀರಿನ ಕಡೆಗೆ ಸನ್‌ರೂಮ್ (ಬಿಸಿಲು ಬೀಳುವ ಗಾಜಿನ ಕೋಣೆ) ಕಟ್ಟಬೇಕು ಅಂತಿದ್ದೀರಿ. ಕೌಂಟಿಯವರು ವೇರಿಯನ್ಸ್, ಅಂದರೆ ಕಟ್ಟಡ ನಿಯಮದಿಂದ ವಿಶೇಷ ವಿನಾಯಿತಿ, ಬೇಕು ಅಂದರಂತೆ. "ಮನೆಯೇ ಅಲ್ಲಿದೆ, ಹತ್ತಡಿ ಮುಂದೆ ಹೋದರೆ ಏನಾಯ್ತು?" ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟ್‌ಗೆ ಉತ್ತರ ಬರೆದ ಕೆಲವರು "ಸುಮ್ನೆ ಅರ್ಜಿ ಹಾಕಿ, ಕೊಡ್ತಾರೆ" ಅಂದಿದ್ದಾರೆ. ಅಷ್ಟು ಸಲೀಸಲ್ಲ.

ಇಲ್ಲಿನ ದಂಡೆ ಕಾನೂನು ಬಂದದ್ದು 1969ರಲ್ಲಿ. ಅದರ ನಿಯಮಗಳಿಗಿಂತ ಹಳೆಯ ಮನೆಗಳನ್ನು ಇದ್ದಲ್ಲೇ ಬಿಟ್ಟಿದ್ದಾರೆ. ರಿಪೇರಿ ಮಾಡಬಹುದು, ಹಳೆಯದರ ಜಾಗದಲ್ಲಿ ಅಷ್ಟೇ ದೊಡ್ಡದನ್ನು ಹೊಸದಾಗಿ ಕಟ್ಟಬಹುದು. ಬೆಳೆಸುವ ಹಕ್ಕು ಮಾತ್ರ ಇಲ್ಲ. ನಿಮ್ಮ ಸನ್‌ರೂಮ್ ಬೆಳೆಸುವ ಲೆಕ್ಕಕ್ಕೆ ಬರುತ್ತದೆ.

ನೀರಿನಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕು ಅನ್ನುವುದು ರಾಜ್ಯ ಆ ಲೇಕನ್ನು ಯಾವ ವರ್ಗಕ್ಕೆ ಸೇರಿಸಿದೆ ಅನ್ನುವುದರ ಮೇಲೆ ನಿಂತಿದೆ. ಒಳಚರಂಡಿ ಇಲ್ಲದ ಕಡೆ ರಾಜ್ಯದ ಕನಿಷ್ಠ ಅಳತೆ 75, 100 ಅಥವಾ 150 ಅಡಿ. ನಿಮ್ಮ ಕೌಂಟಿ ಇನ್ನೂ ಬಿಗಿ ಮಾಡಿರಬಹುದು. ಟೇಪ್ ಹಿಡಿಯುವುದು ಇವತ್ತಿನ ನೀರಿನ ಅಂಚಿನಿಂದಲ್ಲ. ನೀರು ಬಹಳ ಕಾಲ ನಿಂತು ಗುರುತು ಬಿಟ್ಟ ಎತ್ತರದ ಗೆರೆಯಿಂದ. ಸಾಮಾನ್ಯವಾಗಿ ನೀರಿನ ಗಿಡಗಳು ಮುಗಿದು ನೆಲದ ಗಿಡಗಳು ಶುರುವಾಗುವ ಜಾಗ ಅದು. ಬರಗಾಲದ ವರ್ಷ ಮನೆ ನೋಡಿ ಕೊಂಡವರು ಮೋಸಹೋಗುವುದು ಇಲ್ಲೇ.

ಈಗ ಮುಖ್ಯ ವಿಷಯ. ವೇರಿಯನ್ಸ್ ಸಿಗುವುದು ನಿಮ್ಮ ಆಸೆಗಲ್ಲ, ನಿಮ್ಮ ನೆಲದ ತೊಡಕಿಗೆ. 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮಿನೆಟಾಂಕಾ ನಗರದ ಒಂದು ಕೇಸಿನಲ್ಲಿ ಇದನ್ನು ಎಷ್ಟು ಬಿಗಿ ಮಾಡಿತು ಅಂದರೆ, 2011ರಲ್ಲಿ ಕಾನೂನನ್ನೇ ಬದಲಿಸಬೇಕಾಯಿತು. ಈಗ ವೇರಿಯನ್ಸ್ ಅರ್ಜಿ ತೀರ್ಮಾನಿಸುವ ಕೌಂಟಿಯ ಬೋರ್ಡ್ ನೋಡುವುದು ಹೀಗೆ: ನೀವು ಕೇಳುವುದು ನ್ಯಾಯವಾದ ಬಳಕೆಯೇ? ತೊಡಕು ಆ ಸೈಟಿನದ್ದೇ, ನೀವು ಮಾಡಿಕೊಂಡದ್ದಲ್ಲವೇ? ಸುತ್ತಲಿನ ರೂಪ ಕೆಡುವುದಿಲ್ಲ ತಾನೇ? "ಹಿಂದೆ ಕಟ್ಟಿದರೆ ಖರ್ಚು ಜಾಸ್ತಿ" ಅನ್ನುವುದೊಂದೇ ಕಾರಣ ಆದರೆ ನಡೆಯುವುದಿಲ್ಲ. ತಮಾಷೆ ಅಂದರೆ, ಸೋಲಾರ್ ಪ್ಯಾನಲ್‌ಗೆ ಬಿಸಿಲು ಸಾಲದಿದ್ದರೆ ಅದು ತೊಡಕು ಅಂತ ಕಾನೂನಿನಲ್ಲೇ ಬರೆದಿದೆ. ಕರಿಬೇವಿನ ಹೆಸರು ಅಲ್ಲಿಲ್ಲ!

ಹಾಗಾಗಿ ಅರ್ಜಿಯಲ್ಲಿ ಗಿಡದ ಕತೆ ಬೇಡ. ರಸ್ತೆ ಕಡೆ ಸೆಪ್ಟಿಕ್ ಡ್ರೈನ್‌ಫೀಲ್ಡ್ (ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಜಾಗ) ಇದೆ, ಪಕ್ಕದಲ್ಲಿ ಕಡಿದಾದ ಇಳಿಜಾರು ಇದೆ, ಬೇರೆಲ್ಲೂ ಜಾಗವಿಲ್ಲ ಅನ್ನುವಂಥ ಮಾತು ತೂಗುತ್ತದೆ. ಅದೂ ನಿಜವಿದ್ದರೆ ಮಾತ್ರ. ನೀವು ಹಾಕಿದ ಫೋಟೋದಲ್ಲಿ ಗ್ಯಾರೇಜ್ ಪಕ್ಕ ದಕ್ಷಿಣಕ್ಕೆ ಖಾಲಿ ಜಾಗ ಕಾಣುತ್ತಿದೆ. ಬೋರ್ಡಿನವರ ಕಣ್ಣಿಗೂ ಅದು ಬೀಳುತ್ತದೆ. ನಿಜ ಹೇಳಬೇಕೆಂದರೆ ಗಿಡಗಳಿಗೆ ಅದೇ ವಾಸಿ. ಅವಕ್ಕೆ ಬೇಕಾದದ್ದು ದಕ್ಷಿಣದ ಬಿಸಿಲು, ಲೇಕ್ ನೋಟ ನಮಗೆ ಬೇಕು ಅಷ್ಟೇ. ಅಲ್ಲಿ ದೂರದ ಅಳತೆ ಸರಿಹೋದರೆ ವೇರಿಯನ್ಸೇ ಬೇಡವಾಗಬಹುದು.

ಅಲ್ಲೂ ಒಂದು ಲೆಕ್ಕ ನೋಡಿ. ಛಾವಣಿ, ಡ್ರೈವ್‌ವೇ, ಕಲ್ಲುಹಾಸು, ಹೀಗೆ ನೀರು ಇಂಗದ ಜಾಗವೆಲ್ಲ ಸೇರಿ ಸೈಟಿನ ನೂರಕ್ಕೆ 25 ಭಾಗ ದಾಟಬಾರದು. ಈಗಾಗಲೇ ದಾಟಿದ್ದರೆ ಹಳೇ ಡ್ರೈವ್‌ವೇ ಸ್ವಲ್ಪ ಕಿತ್ತು ಹುಲ್ಲು ಬೆಳೆಸಿ.

ಸೆಪ್ಟಿಕ್ ಹಳತಾಗಿ ನಿಯಮಕ್ಕೆ ಹೊಂದದಿದ್ದರೆ, ಪರ್ಮಿಟ್ ಕೇಳಿದ ಕೂಡಲೇ ಅದನ್ನು ಸರಿಮಾಡಿಸಬೇಕಾಗುತ್ತದೆ. ಸನ್‌ರೂಮ್ ಬಜೆಟ್ ಅಲ್ಲೇ ಕರಗಬಹುದು. ಮೊದಲು ತಪಾಸಣೆ ಮಾಡಿಸಿ. ಮೂಲೆಯ ಜೌಗು ನೆಲಕ್ಕೆ ಮಣ್ಣು ತುಂಬುವ ಯೋಚನೆ ಬಿಡಿ. ಅದಕ್ಕೆ 1991ರ ಜೌಗುನೆಲ ಕಾನೂನು ಬೇರೆಯೇ ಇದೆ. ವೇರಿಯನ್ಸ್ ಸಿಕ್ಕರೂ ಅದು ಸಡಿಲವಾಗುವುದಿಲ್ಲ.

ಕೇಳಲೇಬೇಕು ಅಂದರೆ ಕಡಿಮೆ ಕೇಳಿ. ಈಗಿರುವ ಗೋಡೆಗಿಂತ ನೀರಿನ ಕಡೆ ಒಂದಡಿಯೂ ಮುಂದೆ ಹೋಗದ ನಕ್ಷೆ ಮಾಡಿಸಿ. ದಂಡೆಯ ಹುಲ್ಲುಹಾಸು ತೆಗೆದು ಸ್ಥಳೀಯ ಗಿಡಗಳನ್ನು ಬೆಳೆಸುತ್ತೇನೆ, ಛಾವಣಿ ನೀರನ್ನು ರೇನ್ ಗಾರ್ಡನ್‌ಗೆ (ಮಳೆನೀರು ಇಂಗಿಸುವ ತಗ್ಗಿನ ತೋಟ) ಬಿಡುತ್ತೇನೆ ಅಂತ ನೀವೇ ಬರೆದುಕೊಡಿ. ಬೋರ್ಡ್ ಹೇಗೂ ಇಂಥ ಷರತ್ತು ಹಾಕುತ್ತದೆ. ವಿಚಾರಣೆಗೆ ಮುಂಚೆ ಅಕ್ಕಪಕ್ಕದವರಿಗೆ ನಕ್ಷೆ ತೋರಿಸಿ, ನೋಟಿಸ್ ಅವರಿಗೂ ಹೋಗುತ್ತದೆ.

ಅರ್ಜಿ ಪೂರ್ತಿಯಾಗಿದ್ದರೆ 60 ದಿನದಲ್ಲಿ ತೀರ್ಮಾನ ಆಗಬೇಕು. ಆದರೆ ಅವರು ಲಿಖಿತವಾಗಿ ತಿಳಿಸಿ ಇನ್ನೂ 60 ದಿನ ತೆಗೆದುಕೊಳ್ಳಬಹುದು. ಕೌಂಟಿಯ ಆ ಬೋರ್ಡ್ ಅರ್ಜಿ ತಳ್ಳಿಹಾಕಿದರೆ ಜಿಲ್ಲಾ ಕೋರ್ಟಿಗೆ ಹೋಗಲು 30 ದಿನ.

ಸರ್ವೆ ನಕ್ಷೆ ಬಂದ ಮೇಲೆ ಇಲ್ಲೇ ಹಾಕಿ. ಲೇಕ್ ಯಾವ ವರ್ಗ, ಗ್ಯಾರೇಜ್ ಪಕ್ಕದ ಜಾಗ ಎಷ್ಟಡಿ ಅಗಲ ಅಂತಲೂ ಬರೆಯಿರಿ.