ಸಿನಿಮಾ ಹಾಡಿನಾಚೆ ಬೆಂಗಳೂರಿನ ಬ್ಯಾಂಡ್‌ಗಳನ್ನು ಹುಡುಕುವುದು ಹೇಗೆ? ಮೊದಲ ಮ್ಯೂಸಿಕ್ ಫೆಸ್ಟಿವಲ್‌ಗೆ ಏನು ತಯಾರಿ ಬೇಕು?

ನೀವು ಕೇಳಿರುವುದು ಮೂರು ವಿಷಯ. ಸ್ವಂತ ಹಾಡು ಕಟ್ಟುವ ಬ್ಯಾಂಡ್‌ಗಳನ್ನು ಹುಡುಕುವುದು ಹೇಗೆ, ಡಿಸೆಂಬರ್‌ನಲ್ಲಿ ಯಲಹಂಕದ ಆಚೆ ನಡೆಯುವ ಎಕೋಸ್ ಆಫ್ ಅರ್ತ್ ಮ್ಯೂಸಿಕ್ ಫೆಸ್ಟಿವಲ್‌ಗೆ ಮೊದಲ ಸಲ ಹೋಗುವಾಗ ಏನು ನೋಡಿಕೊಳ್ಳಬೇಕು, ಮುಂದಿನ ವರ್ಷ ಅರುಣಾಚಲದ ಜೀರೋ ಫೆಸ್ಟಿವಲ್‌ಗೆ ಹೋಗುವುದಾದರೆ ಹೇಗೆ. ಜೊತೆಗೆ, ಪಬ್‌ನಲ್ಲಿ ಬ್ಯಾಂಡ್ ಕೇಳಿ ಬಂದ ರಾತ್ರಿ ಕಿವಿ ಗುಂಯ್ ಅನ್ನುತ್ತೆ ಅಂತಲೂ ಬರೆದಿದ್ದೀರಿ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಬೇರೆ ಏನು ತಪ್ಪಿದರೂ ಒಂದು ಸಂಜೆ ಹಾಳು ಅಷ್ಟೇ, ಕಿವಿ ಹೋದರೆ ವಾಪಸ್ ಬರಲ್ಲ.

ಮೊದಲು ಬ್ಯಾಂಡ್. ಆ್ಯಪ್ ತಾನಾಗಿ ನುಡಿಸುವ ಪಟ್ಟಿಯನ್ನು ನಂಬಿ ಕೂತರೆ ನಾಲ್ಕನೇ ಹಾಡಿಗೆ ಮತ್ತೆ ಸಿನಿಮಾ ಹಾಡಿಗೇ ಬಂದಿರುತ್ತೀರಿ. ಇದನ್ನು ಕೇಳಿದವರು ಇನ್ನೇನು ಕೇಳಿದರು ಅಂತ ನೋಡಿ ಅದು ಮುಂದಿನ ಹಾಡು ಆರಿಸುತ್ತೆ. ಕೆಲವೇ ನೂರು ಜನ ಕೇಳಿದ ಬ್ಯಾಂಡ್ ಬಗ್ಗೆ ಅದರ ಹತ್ತಿರ ಲೆಕ್ಕವೇ ಇರುವುದಿಲ್ಲ. ಹಾಡು ಕನ್ನಡದ್ದಾದರಂತೂ ಶೈಲಿಯನ್ನು ಬಿಟ್ಟು ಭಾಷೆ ಹಿಡಿದುಕೊಂಡು ಹೋಗುತ್ತೆ. ಹಾಗಾಗಿ ಪಟ್ಟಿ ಬಿಡಿ, ಮನುಷ್ಯರ ಜಾಡು ಹಿಡಿಯಿರಿ. ಇಲ್ಲಿನ ಬ್ಯಾಂಡ್‌ಗಳ ಲೋಕ ಚಿಕ್ಕದು. ಒಳ್ಳೆಯ ಡ್ರಮ್ಮರ್, ಬೇಸ್ ನುಡಿಸುವವರು, ಮಿಕ್ಸಿಂಗ್ (ಎಲ್ಲ ವಾದ್ಯ, ದನಿಗಳ ಸದ್ದು ಹೊಂದಿಸುವುದು) ಮಾಡುವವರು ಸಾಮಾನ್ಯವಾಗಿ ಎರಡು ಮೂರು ಬ್ಯಾಂಡ್‌ಗಳಲ್ಲಿ ಇರುತ್ತಾರೆ.

ಇಷ್ಟವಾದ ಒಂದು ಹಾಡಿನ ಕ್ರೆಡಿಟ್ಸ್ (ಯಾರು ಏನು ಮಾಡಿದರು ಅನ್ನುವ ಪಟ್ಟಿ) ತೆಗೆಯಿರಿ. ಸ್ಪಾಟಿಫೈನಲ್ಲಿ ಹಾಡಿನ ಮೂರು ಚುಕ್ಕಿ ಒತ್ತಿದರೆ ಸಿಗುತ್ತೆ, ಅಲ್ಲಿ ಅರೆಬರೆ ಇದ್ದರೆ ಯೂಟ್ಯೂಬ್ ವಿಡಿಯೋದ ಕೆಳಗಿನ ವಿವರಣೆ ನೋಡಿ. ಹಾಡಿದವರನ್ನು ಪಕ್ಕಕ್ಕಿಟ್ಟು ಡ್ರಮ್ಮರ್, ಪ್ರೊಡ್ಯೂಸರ್, ಮಿಕ್ಸ್ ಮಾಡಿದ ಎಂಜಿನಿಯರ್, ಈ ಮೂರು ಹೆಸರು ಬರೆದುಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಅವರು ಟ್ಯಾಗ್ ಆಗಿರುವ ಫೋಟೋಗಳನ್ನು ತೆರೆದರೆ ಉಳಿದ ಬ್ಯಾಂಡ್‌ಗಳು ತಾವಾಗಿ ಬರುತ್ತವೆ. ಗಿಗ್ (ಲೈವ್ ಕಾರ್ಯಕ್ರಮ) ಪೋಸ್ಟರ್‌ನಲ್ಲಿ ಮೊದಲು ನುಡಿಸುವ ಸಣ್ಣ ಬ್ಯಾಂಡ್‌ನ ಹೆಸರೂ ಇಷ್ಟೇ ಮುಖ್ಯ. ಹಲವು ಸಲ ಅದನ್ನು ಆರಿಸಿರುವವರು ಮುಖ್ಯ ಬ್ಯಾಂಡ್‌ನವರೇ.

ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಿಮ್ಮ ಕಿವಿಗೆ ಏನು ಅಭ್ಯಾಸವಿದೆ ಅನ್ನುವುದರ ಮೇಲಿದೆ. ಶಿಶುನಾಳ ಶರೀಫರ ತತ್ವಪದ ಕೇಳಿ ಬೆಳೆದವರಿಗೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಆಲ್ಬಮ್ ಸುಲಭದ ಬಾಗಿಲು. ಅಲ್ಲಿಂದ ಸ್ವರಾತ್ಮ, ಸ್ವರಾತ್ಮದ ಗಾಯಕ ವಾಸು ದೀಕ್ಷಿತ್ ಜಾಡು ಹಿಡಿದರೆ ವಾಸು ದೀಕ್ಷಿತ್ ಕಲೆಕ್ಟಿವ್. ಕರ್ನಾಟಕ ಸಂಗೀತ ಗೊತ್ತಿದ್ದರೆ ಅಗಮ್: ಕೃತಿಗಳನ್ನು ಪ್ರೋಗ್ರೆಸಿವ್ ರಾಕ್‌ನೊಳಗೆ ಕೂರಿಸುತ್ತಾರೆ. ಸಂಪ್ರದಾಯಸ್ಥರು ಮೂಗು ಮುರಿಯುತ್ತಾರೆ, ಮುರಿಯಲಿ. 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಇಂಗ್ಲಿಷ್‌ನಲ್ಲಿ ಹಾಡುತ್ತಾರೆ, ರಾಕ್‌ನೊಳಗೆ ಜಾಝ್ ಸೇರಿಸುತ್ತಾರೆ. ಒಂದೇ ಕೇಳಿಗೆ ಒಲಿಯುವ ಸಂಗೀತವಲ್ಲ, ಮೂರು ಸಲ ಕೊಡಿ. ಪರ್ವಾಜ್ ಉರ್ದು, ಕಾಶ್ಮೀರಿಯಲ್ಲಿ ಉದ್ದುದ್ದ ಹಾಡು ಕಟ್ಟುವವರು. ಮೆಟಲ್ (ಬಿರುಸಾದ, ಭಾರಿ ಸದ್ದಿನ ರಾಕ್) ಬೇಕೆಂದರೆ 1998ರಿಂದ ಇರುವ ಕ್ರಿಪ್ಟೋಸ್, ಜರ್ಮನಿಯ ವಾಕೆನ್ ಓಪನ್ ಏರ್ ಮೆಟಲ್ ಫೆಸ್ಟಿವಲ್‌ನಲ್ಲಿ ನುಡಿಸಿ ಬಂದ ಬ್ಯಾಂಡ್. ಇವೆಲ್ಲ ಈಗ ಹಳೆಯ ಹೆಸರುಗಳೇ. ಬೇರು ಹಿಡಿಯಲಿಕ್ಕೆ ಇವು, ಚಿಗುರು ನೀವೇ ಹುಡುಕಬೇಕು.

ಬ್ಯಾಂಡ್‌ಗಳು ತಮ್ಮ ಹಾಡು ತಾವೇ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರಿನಿಂದ ಹುಡುಕಬಹುದು. ಟ್ಯಾಗ್‌ಗಳನ್ನು ಬ್ಯಾಂಡ್‌ನವರೇ ಹಾಕಿಕೊಳ್ಳುವುದರಿಂದ ಬೆಂಗಳೂರಿನ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗ್, ಹೊಸದು ಎರಡೂ ಹಾಕಿ ನೋಡಿ, ಬೇರೆ ಬೇರೆ ಪಟ್ಟಿ ಬರುತ್ತೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಇಟ್ಟುಕೊಳ್ಳುವುದು ಶೇ. 15. ಆದರೆ ಇಲ್ಲಿ ಒಂದು ತೊಡಕಿದೆ. ಅಲ್ಲಿ ಬ್ಯಾಂಡ್‌ಗೆ ದುಡ್ಡು ಸೇರುವುದು ಆನ್‌ಲೈನ್ ಪಾವತಿ ಸೇವೆ ಪೇಪಾಲ್ ಮೂಲಕ, ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಹಾಗಾಗಿ ಇಲ್ಲಿಂದ ಇಲ್ಲಿನ ಬ್ಯಾಂಡ್‌ನ ಆಲ್ಬಮ್ ಕೊಳ್ಳಲು ಹೋದರೆ ಪಾವತಿ ಸಿಕ್ಕಿಹಾಕಿಕೊಳ್ಳಬಹುದು. ಆಗ ಬ್ಯಾಂಡ್‌ಗೇ ಮೆಸೇಜ್ ಮಾಡಿ ಯುಪಿಐ ಕೇಳಿ. ಇಲ್ಲವೇ ಗಿಗ್‌ನಲ್ಲಿ ಟೀಶರ್ಟ್ ತೆಗೆದುಕೊಳ್ಳಿ. ಸ್ಟ್ರೀಮಿಂಗ್‌ನಿಂದ ಸಣ್ಣ ಬ್ಯಾಂಡ್‌ಗೆ ಪುಡಿಗಾಸು ಬರುತ್ತೆ, ಟೀಶರ್ಟ್‌ನ ಲಾಭ ನೇರ ಕೈಗೆ.

ಫೆಸ್ಟಿವಲ್‌ಗೆ ಮುಂಚೆ ಎರಡು ಮೂರು ಸಣ್ಣ ಗಿಗ್ ನೋಡಿರುವುದು ಒಳ್ಳೆಯದು. ಕೋರಮಂಗಲದ ಫ್ಯಾಂಡಮ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ (ಇಲ್ಲಿ ಜಾಝ್ ಹೆಚ್ಚು), ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ನೋಡಿ. ಕೊನೆಯದರಲ್ಲಿ ಹೆಚ್ಚಿನ ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ, ಕುಡಿತದ ಗದ್ದಲವೂ ಇಲ್ಲ. ಹಳೆಯ ಲೇಖನಗಳಲ್ಲಿ ಕಾಣುವ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲೇ ಮುಚ್ಚಿದೆ. ಪೋಸ್ಟರ್ ಓದುವಾಗ "ಟ್ರಿಬ್ಯೂಟ್" ಅಂತಿದ್ದರೆ ಬೇರೆಯವರ ಹಾಡು ನುಡಿಸುತ್ತಾರೆ ಅಂತ ಅರ್ಥ. ನಿಮಗೆ ಬೇಕಾದದ್ದು "ಒರಿಜಿನಲ್ಸ್". ಕವರ್ ಚಾರ್ಜ್ ಮತ್ತು ಟಿಕೆಟ್ ಒಂದೇ ಅಲ್ಲ: ಕವರ್ ಚಾರ್ಜ್ ಸಾಮಾನ್ಯವಾಗಿ ಊಟ, ಡ್ರಿಂಕ್ಸ್ ಬಿಲ್‌ನಲ್ಲಿ ಕಳೆಯುತ್ತೆ, ಟಿಕೆಟ್ ಕಳೆಯಲ್ಲ. ಏಳಕ್ಕೆ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಬಾಗಿಲು ತೆರೆಯುವ ಹೊತ್ತು. ವಯಸ್ಸಿನ ಮಿತಿ ಟಿಕೆಟ್‌ನಲ್ಲೇ ಇರುತ್ತೆ, ಪಬ್‌ಗಳಲ್ಲಿ ಹಲವು ಕಡೆ 21. ಅಸಲಿ ಐಡಿ ಇಟ್ಟುಕೊಳ್ಳಿ.

ಈಗ ಕಿವಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ತಾಣಗಳಿಗೆ ಹೇಳಿದ ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬೆಲ್. ಸ್ಪೀಕರ್ ಹತ್ತಿರ ನಿಂತವರಿಗೆ ಇದು ಸಲೀಸಾಗಿ ದಾಟುತ್ತೆ. ಇಯರ್‌ಪ್ಲಗ್ 15 ಡೆಸಿಬೆಲ್ ಇಳಿಸಿದರೂ ಸಾಕು, 100 ಇದ್ದದ್ದು 85 ಆಯಿತು, ಕಾಲು ಗಂಟೆ ಹೋಗಿ ಎಂಟು ಗಂಟೆ ಬಂತು.

ಮೆಡಿಕಲ್ ಶಾಪ್‌ನ ಫೋಮ್ ಪ್ಲಗ್ ಅಗ್ಗ, ರಕ್ಷಣೆಯೂ ಜಾಸ್ತಿ. ಆದರೆ ಅದು ತಾರ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಹಾಡು ಕಂಬಳಿ ಹೊದ್ದ ಹಾಗೆ ಕೇಳಿಸುತ್ತೆ. ಅದಕ್ಕೇ ಜನ ಎರಡನೇ ಹಾಡಿಗೇ ಕಿತ್ತು ಜೇಬಿಗೆ ಹಾಕುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತೆ. ಬೆಲೆ ಸಾವಿರದ ಮೇಲೆ, ಆದರೆ ತೊಳೆದು ವರ್ಷಗಟ್ಟಲೆ ಬಳಸಬಹುದು. ಫೋಮ್ ಹಾಕುವವರಾದರೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಉಳಿದಿದ್ದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ನಿಮ್ಮ ಗುಂಯ್ ಶಬ್ದ ಬೆಳಗಾಗುವಷ್ಟರಲ್ಲಿ ಹೋಗುತ್ತಿದ್ದರೂ ಅದು ಎಚ್ಚರಿಕೆಯೇ. ಎರಡು ದಿನವಾದರೂ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಒಂದು ಕಿವಿ ಥಟ್ಟನೆ ಮಂದವಾದರೆ ಕಾಯಲೇಬೇಡಿ, ಅವತ್ತೇ ಹೋಗಿ.

ಎಲ್ಲಿ ನಿಲ್ಲಬೇಕು ಅನ್ನುವುದೂ ಇದರ ಜೊತೆಗೇ ಬರುತ್ತೆ. ಎಲ್ಲರೂ ಮುಂದಿನ ಬ್ಯಾರಿಕೇಡ್‌ಗೆ ಓಡುತ್ತಾರೆ, ಆದರೆ ಅಲ್ಲಿ ಸೌಂಡ್ ಚೆನ್ನಾಗಿರುವುದಿಲ್ಲ. ವೇದಿಕೆಯ ಡ್ರಮ್ಸ್, ಗಿಟಾರ್ ಆಂಪ್ ನೇರ ಬಂದು ಬಡಿಯುತ್ತವೆ, ಹಾಡುಗಾರರ ದನಿ ಮೇಲೆ ತೂಗುಹಾಕಿದ ಸ್ಪೀಕರ್‌ನಿಂದ ನಿಮ್ಮ ತಲೆ ಮೇಲೆ ಹಾದು ಹಿಂದಿನವರಿಗೆ ತಲುಪುತ್ತೆ. ಮೈದಾನದ ಮಧ್ಯೆ ಮಿಕ್ಸರ್ ಇಟ್ಟಿರುವ ಗುಡಾರ ಹುಡುಕಿ. ಸೌಂಡ್ ಎಂಜಿನಿಯರ್ ಅಲ್ಲಿ ಕೇಳಿಸುವುದನ್ನು ನೋಡಿಕೊಂಡೇ ಎಲ್ಲ ಹೊಂದಿಸುತ್ತಾರೆ, ಅದರ ಮುಂದೆ ನಾಲ್ಕೈದು ಹೆಜ್ಜೆಯಲ್ಲಿ ನಿಂತರೆ ಅವರು ಕೇಳುವುದನ್ನೇ ನೀವೂ ಕೇಳುತ್ತೀರಿ. ಎಡಬಲಕ್ಕೆ ಸಬ್‌ವೂಫರ್ (ತಗ್ಗು ಸ್ವರಗಳ ದೊಡ್ಡ ಸ್ಪೀಕರ್) ಇಟ್ಟ ಕಡೆ ಸರಿಯಾಗಿ ನಟ್ಟನಡುವಿನ ಗೆರೆಯಲ್ಲಿ ಬೇಸ್ ಉಬ್ಬುತ್ತೆ. ಎದೆ ಗುದ್ದುವ ಹಾಗಿದ್ದರೆ ಪಕ್ಕಕ್ಕೆ ಎರಡು ಮೂರು ಹೆಜ್ಜೆ ಸರಿಯಿರಿ, ಕಡಿಮೆಯಾಗುತ್ತೆ. ಸಣ್ಣ ಪಬ್‌ಗಳಲ್ಲಿ ಮೂಲೆ ಬೇಡ, ಗೋಡೆಗಳು ಸೇರುವಲ್ಲಿ ಬೇಸ್ ಗಂಟುಕಟ್ಟುತ್ತೆ. 1939ರಲ್ಲಿ ಶುರುವಾದ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಪ್ರತಿ ವರ್ಷ ಹೋಗುವ ಹಿರಿಯರನ್ನು ಕೇಳಿ ನೋಡಿ, ಅವರಿಗೂ ಪೆಂಡಾಲಿನಲ್ಲಿ ತಮ್ಮದೇ ಒಂದು ಸಾಲಿರುತ್ತೆ, ಅದು ಮೊದಲನೆಯದಾಗಿರುವುದಿಲ್ಲ.

ಎಕೋಸ್ ಆಫ್ ಅರ್ತ್ 2016ರಲ್ಲಿ ಶುರುವಾದದ್ದು, ಬೆಟ್ಟಹಲಸೂರು ಕಡೆಯ ಕುದುರೆ ಸವಾರಿ ಶಾಲೆಯ ಜಾಗದಲ್ಲಿ ಬೆಳೆದದ್ದು. ಗುಜರಿ ಸಾಮಾನಿನಿಂದ ಕಟ್ಟಿದ ಪ್ರಾಣಿಪಕ್ಷಿ ರೂಪದ ವೇದಿಕೆಗಳು ಅದರ ಗುರುತು. ಹಲವು ವೇದಿಕೆ ಅಂದರೆ ಹೊತ್ತಿನ ಜಗಳ ಇದ್ದೇ ಇರುತ್ತೆ. ವೇಳಾಪಟ್ಟಿ ಬಂದ ಕೂಡಲೇ ದಿನಕ್ಕೆ ಮೂರು ಬ್ಯಾಂಡ್ ಮಾತ್ರ ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ಕಾಲು ಎಳೆದತ್ತ. ಆ ಮೂರರಲ್ಲಿ ಎರಡು ಮಧ್ಯಾಹ್ನದವು ಇರಲಿ. ರಾತ್ರಿಯ ದೊಡ್ಡ ಹೆಸರನ್ನು ಮೊಬೈಲ್‌ನಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಮೂರು ಗಂಟೆ ಬಿಸಿಲಿನಲ್ಲಿ ಐವತ್ತು ಜನರ ಎದುರು ಜೀವ ಕೊಟ್ಟು ನುಡಿಸುವವರು ಮುಂದಿನ ವರ್ಷ ಇಷ್ಟು ಹತ್ತಿರ ಸಿಗುವುದಿಲ್ಲ. ಇನ್ನೊಂದು ವೇದಿಕೆಯಲ್ಲಿ ಒಳ್ಳೆಯ ಜಾಗ ಬೇಕಿದ್ದರೆ ಈ ವೇದಿಕೆಯ ಕೊನೆಯ ಎರಡು ಹಾಡು ಬಿಡಲೇಬೇಕು.

ರಾತ್ರಿ ಹತ್ತು ಗಂಟೆಯ ಲೆಕ್ಕ ನೆನಪಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ, ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಮಧ್ಯಾಹ್ನ ಅರ್ಧ ಗಂಟೆ ತಡವಾದರೆ ರಾತ್ರಿ ಸೇರಿಸಿಕೊಳ್ಳಲು ಜಾಗವೇ ಇಲ್ಲ, ಕೊನೆಯ ಬ್ಯಾಂಡ್‌ನ ಹಾಡುಗಳಿಗೇ ಕತ್ತರಿ. ಅದಕ್ಕೇ ಒಂಬತ್ತಕ್ಕೆ ಬಂದರಾಯಿತು ಅಂದುಕೊಂಡವರು ಮುಕ್ಕಾಲು ಗಂಟೆ ಮಾತ್ರ ಕೇಳಿ ಹೋಗುತ್ತಾರೆ.

ಕಟ್ಟುವ ಚೀಲ ಚಿಕ್ಕದಿರಲಿ. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತೆ, ಎಂಟರ ಮೇಲೆ ಚಳಿ. ಟೋಪಿಯೂ ಬೇಕು, ಜರ್ಕಿನ್ನೂ ಬೇಕು. ಕೆಂಪು ಧೂಳಿಗೆ ಒಂದು ಕರ್ಚೀಫ್, ಕಾಲಿಗೆ ಮುಚ್ಚಿದ ಹಳೆಯ ಶೂ. ಹೊಸ ಶೂ ಹಾಕಿಕೊಂಡು ಹೋದರೆ ನಾಲ್ಕು ಗಂಟೆಗೆಲ್ಲ ಬೊಬ್ಬೆ. ನೀರಿನ ಬಾಟಲಿ, ಛತ್ರಿ, ಲೆನ್ಸ್ ಬಿಚ್ಚುವ ಕ್ಯಾಮೆರಾ ಗೇಟಿನಲ್ಲೇ ತಡೆಯಬಹುದು, ನಿಷೇಧದ ಪಟ್ಟಿ ಮೊದಲೇ ಓದಿ. ಸಾವಿರಾರು ಜನ ಸೇರಿದಾಗ ಮೊಬೈಲ್ ಡೇಟಾ ಸತ್ತುಹೋಗುತ್ತೆ, ಆದರೆ ಎಸ್‌ಎಂಎಸ್ ಹಲವು ಸಲ ಹೋಗುತ್ತೆ. ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಗೆಳೆಯರ ಜೊತೆ "ಸ್ಟೇಜ್ ಹತ್ತಿರ" ಅಂತ ಹೇಳದೆ ಒಂದು ನಿರ್ದಿಷ್ಟ ಅಂಗಡಿ ಗೊತ್ತು ಮಾಡಿಕೊಳ್ಳಿ.

ಟಿಕೆಟ್ ಅಧಿಕೃತ ಆ್ಯಪ್‌ನಲ್ಲೇ ಕೊಳ್ಳಿ. ಮೊದಲ ಹಂತದ ಟಿಕೆಟ್ ಅಗ್ಗ, ಹಂತ ಕಳೆದಂತೆ ಬೆಲೆ ಏರುತ್ತೆ. ಕೊನೆ ಗಳಿಗೆಯಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಮಾರುವವರು ಅದನ್ನೇ ನಾಲ್ಕು ಜನರಿಗೆ ಮಾರಿರುತ್ತಾರೆ, ಮೊದಲು ಸ್ಕ್ಯಾನ್ ಆದವರು ಒಳಗೆ. ಒಳಗೆ ಊಟ, ನೀರಿಗೆ ಕೈಪಟ್ಟಿಗೆ ದುಡ್ಡು ತುಂಬಿಸುವ ಪದ್ಧತಿ ಇದ್ದರೆ ಐನೂರು ಐನೂರಾಗಿ ತುಂಬಿ. ಉಳಿದದ್ದು ವಾಪಸ್ ಪಡೆಯಲು ಕೆಲವೇ ದಿನಗಳ ಗಡುವು, ಕೆಲವೊಮ್ಮೆ ಶುಲ್ಕವೂ ಇರುತ್ತೆ.

ಗುಂಪು ಒತ್ತತೊಡಗಿದರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಉಳಿಸಿಕೊಳ್ಳಿ. ಅಲೆಗೆ ಎದುರಾಗಿ ತಳ್ಳಬೇಡಿ, ಅದು ತುಸು ಸಡಿಲವಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಮೆಟಲ್ ಗಿಗ್‌ನ ಪಿಟ್‌ಗೆ (ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗ) ಇಳಿಯುವುದಾದರೆ ಲೇಸ್ ಎರಡು ಗಂಟು ಹಾಕಿ, ಕನ್ನಡಕ ತೆಗೆದಿಡಿ. ಯಾರಾದರೂ ಬಿದ್ದರೆ ಸುತ್ತಲಿನವರು ನಿಂತು ಎತ್ತಬೇಕು, ಅಲ್ಲಿನ ಮೊದಲ ನಿಯಮವೇ ಅದು. ಮುಗಿದ ಮೇಲೆ ಗೇಟಿನ ಮುಂದೆ ಕ್ಯಾಬ್ ಬುಕ್ ಮಾಡಬೇಡಿ, ಡ್ರೈವರ್ ಟ್ರಾಫಿಕ್‌ನಲ್ಲಿ ಸಿಕ್ಕಿ ಕ್ಯಾನ್ಸಲ್ ಮಾಡುತ್ತಾರೆ. ಮುಖ್ಯ ರಸ್ತೆಯವರೆಗೆ ಗುಂಪಿನ ಜೊತೆ ನಡೆದು ಅಲ್ಲಿಂದ ಮಾಡಿ.

ಜೀರೋ ಬೇರೆಯದೇ ಲೋಕ. ಅರುಣಾಚಲದ ಅಪತಾನಿ ಜನರ ಗದ್ದೆಗಳ ನಡುವೆ 2012ರಿಂದ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಾಲ್ಕು ದಿನ ನಡೆಯುತ್ತೆ. ಬೆಂಗಳೂರಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ರಾತ್ರಿಯ ದೋನ್ಯಿ ಪೋಲೋ ಎಕ್ಸ್‌ಪ್ರೆಸ್‌ನಲ್ಲಿ ನಾಹರ್ಲಗುನ್, ಮುಂದೆ ಶೇರ್ ಸುಮೋದಲ್ಲಿ ಸುಮಾರು ನೂರು ಕಿ.ಮೀ. ಘಟ್ಟದ ದಾರಿ. ಮಳೆ ಬಂದೇ ಬರುತ್ತೆ ಅಂತಲೇ ಹೊರಡಿ. ಗಂಬೂಟು ಇಲ್ಲಿಂದ ಹೊರಬೇಕಿಲ್ಲ, ಹಾಪೋಲಿ ಪೇಟೆಯಲ್ಲಿ ಸಿಗುತ್ತೆ. ಟೆಂಟ್ ಬೇಕೋ ಮನೆವಾಸ್ತವ್ಯವೋ ಅನ್ನುವುದನ್ನು ತಿಂಗಳುಗಳ ಮುಂಚೆ ತೀರ್ಮಾನಿಸಿ. ಅರುಣಾಚಲಕ್ಕೆ ಕಾಲಿಡಲು ಇನ್ನರ್ ಲೈನ್ ಪರ್ಮಿಟ್ (ಹೊರರಾಜ್ಯದವರ ಪ್ರವೇಶ ಪರವಾನಗಿ) ಕಡ್ಡಾಯ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಟಿಕೆಟ್‌ನ ಹೆಸರು ಮತ್ತು ಐಡಿಯ ಹೆಸರು ಒಂದೇ ಇರಲಿ. ದಾರಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಪರ್ಮಿಟ್‌ನ ಎರಡು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಳ್ಳಿ.