16ನೇ ವಯಸ್ಸಿಗೆ ಪಿಯುಸಿ ಬಿಟ್ಟು, ಮನೆ ಬಿಟ್ಟು ಬೆಂಗಳೂರಿಗೆ ಬಂದರೆ ಫ್ಯಾಷನ್ ಲೈನ್‌ನಲ್ಲಿ ಮುಂದೆ ಬರಬಹುದಾ?

ನೀನು ಬರೆದಿರುವುದು ಇಷ್ಟು. ಊರು ಬಾಗಲಕೋಟೆ ಹತ್ತಿರ. ಫಸ್ಟ್ ಪಿಯುಸಿ ಸೈನ್ಸ್. ಅಪ್ಪನಿಗೆ ನಿನ್ನನ್ನು ಇಂಜಿನಿಯರ್ ಮಾಡುವ ಆಸೆ, ನಿನಗೆ ಫಿಸಿಕ್ಸ್ ತಲೆಗೇ ಹತ್ತುತ್ತಿಲ್ಲ, ನೋಟ್‌ಬುಕ್‌ನ ಹಿಂದಿನ ಹಾಳೆಗಳ ತುಂಬಾ ಡ್ರೆಸ್ ಚಿತ್ರ. ಗೆಳತಿಯ ಸಂಬಂಧಿಕರೊಬ್ಬರು ಬೆಂಗಳೂರಿನಲ್ಲಿ ಫ್ಯಾಷನ್ ಅಕಾಡೆಮಿ ನಡೆಸುತ್ತಾರೆ, ಡಿಸೈನಿಂಗ್ ಮಾಡೆಲಿಂಗ್ ಎರಡೂ ಕಲಿಸುತ್ತೇವೆ ಬಾ ಅಂದಿದ್ದಾರೆ. ಮನೆಯಲ್ಲಿ ಹೇಳದೆ ಹೊರಟುಬಿಡಲಾ ಅಂತ ಕೇಳಿದ್ದೀಯ. ನೀನು ನನ್ನ ಮಗಳಿಗಿಂತ ಚಿಕ್ಕವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನಾನು ಬೊಮ್ಮನಹಳ್ಳಿ ಕಡೆ ಒಂದು ಎಕ್ಸ್‌ಪೋರ್ಟ್ ಯೂನಿಟ್‌ನ ಸ್ಯಾಂಪಲ್ ರೂಮ್‌ನಲ್ಲಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಪೇಪರ್ ಅಚ್ಚು, ಮಾಡುತ್ತೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆ ಬಿಟ್ಟು ಹೊರಡಬೇಡ. ಸೈನ್ಸ್ ಬೇಕಾದರೆ ಬಿಡು. ಇವೆರಡೂ ಬೇರೆ ಬೇರೆ ವಿಷಯ. ನೀನು ಎರಡನ್ನೂ ಸೇರಿಸಿ ಒಂದೇ ಗಂಟು ಹಾಕಿದ್ದೀಯ.

ಸ್ಕೂಲು ಬಿಟ್ಟು ದೊಡ್ಡ ಡಿಸೈನರ್ ಆದವರು ಇದ್ದಾರಲ್ಲ ಅಂತ ನೀನು ಕೇಳುತ್ತೀಯ, ಗೊತ್ತು. ಇದ್ದಾರೆ. ಎಲ್ಲರೂ ಹೇಳುವ ಹೆಸರು ಅಲೆಕ್ಸಾಂಡರ್ ಮ್ಯಾಕ್ವೀನ್. ಲಂಡನ್‌ನ ಟ್ಯಾಕ್ಸಿ ಡ್ರೈವರ್ ಮಗ. 16ಕ್ಕೆ ಸ್ಕೂಲು ಬಿಟ್ಟಾಗ ಕೈಯಲ್ಲಿದ್ದದ್ದು ಚಿತ್ರಕಲೆಯಲ್ಲಿ ಒಂದು ಪಾಸು, ಅಷ್ಟೇ. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆಮೇಲಿನದನ್ನು ಕೇಳು. ಸ್ಯಾವಿಲ್ ರೋ ಅನ್ನುವುದು ಲಂಡನ್‌ನಲ್ಲಿ ಕೋಟು ಹೊಲಿಯುವ ಟೈಲರ್‌ಗಳ ಬೀದಿ. ಅಲ್ಲಿ ಕೆಲಸ ಕಲಿಯಲು ಹುಡುಗರು ಸಿಗುತ್ತಿಲ್ಲ ಎಂದು ಟಿವಿಯಲ್ಲಿ ಬಂದಿತ್ತು. ಹೋಗಿ ಕೇಳು ಎಂದವರು ಅವನ ಅಮ್ಮನೇ. ಆಂಡರ್ಸನ್ ಅಂಡ್ ಶೆಪರ್ಡ್‌ನಲ್ಲಿ ಜಾಕೆಟ್ ಕಲಿತ. ಗೀವ್ಸ್ ಅಂಡ್ ಹಾಕ್ಸ್‌ನಲ್ಲಿ ಪ್ಯಾಂಟ್ ಕಲಿತ. ನಾಟಕಗಳಿಗೆ ಬಟ್ಟೆ ಮಾಡಿಕೊಡುವ ಕಂಪನಿಯಲ್ಲಿ ಹಳೇ ಕಾಲದ ಉಡುಪುಗಳ ಕಟಿಂಗ್ ಕಲಿತ. ಆಮೇಲೆ ಮಿಲಾನ್‌ಗೆ ಹೋಗಿ ಒಬ್ಬ ಡಿಸೈನರ್ ಕೈಕೆಳಗೆ ದುಡಿದ. ವಾಪಸ್ ಬಂದು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿಗೆ ಹೋದದ್ದು ಓದಲಿಕ್ಕಲ್ಲ, ಪ್ಯಾಟರ್ನ್ ಕಟಿಂಗ್ ಕಲಿಸುವ ಕೆಲಸ ಕೇಳಲಿಕ್ಕೆ! ಅವರು ಇವನ ಕೈಕೆಲಸ ನೋಡಿ ಎಂಎಗೆ ಸೇರಿಸಿಕೊಂಡರು. 1992ರಲ್ಲಿ ಮುಗಿಸಿದ.

ಬಲೆನ್ಸಿಯಾಗ ಅನ್ನುವ ಬ್ರ್ಯಾಂಡ್ ಹೆಸರು ಕೇಳಿರುತ್ತೀಯ. ಆ ಮನುಷ್ಯ ಸ್ಪೇನ್‌ನ ಒಬ್ಬ ಟೈಲರಮ್ಮನ ಮಗ. 12ರ ವಯಸ್ಸಿಗೇ ಟೈಲರ್ ಹತ್ತಿರ ಸೇರಿದ. ಫ್ರಾನ್ಸ್‌ನ ಡಿಸೈನರ್ ಪಿಯರ್ ಕಾರ್ಡಿನ್ 14ಕ್ಕೆ ಸೇರಿದ.

ಇವರಲ್ಲಿ ಯಾರೂ ಮೊದಲು ಊರು ಬಿಟ್ಟು ಆಮೇಲೆ ಏನು ಮಾಡೋಣ ಎಂದು ನೋಡಿದವರಲ್ಲ. ಸ್ಕೂಲಿನ ಬೆಂಚಿನಿಂದ ಎದ್ದು ನೇರವಾಗಿ ಒಬ್ಬ ಮೇಸ್ತ್ರಿಯ ಟೇಬಲ್ ಪಕ್ಕ ಕೂತವರು. ಅದಕ್ಕೇ ನಿನಗೆ ನನ್ನ ಪ್ರಶ್ನೆ ಒಂದೇ. ಬೆಂಗಳೂರಿಗೆ ಬಂದರೆ ನೀನು ಯಾರ ಟೇಬಲ್ ಪಕ್ಕ ಕೂರುತ್ತೀಯ? ನಿನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ಅಕಾಡೆಮಿ ಅಂದಿದ್ದೀಯ, ಅಲ್ಲಿ ಕಲಿಸುವವರು ಯಾರು, ಏನು ಹೊಲಿದವರು ಅಂತ ಒಂದು ಸಾಲೂ ಇಲ್ಲ.

ನಮ್ಮ ಟೇಬಲ್ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕಂದರೆ ರೀಲ್ಸ್‌ನಲ್ಲಿ ಇದು ಬರಲ್ಲ. ಬೈಯರ್, ಅಂದರೆ ಬಟ್ಟೆ ಕೊಳ್ಳುವ ಫಾರಿನ್ ಕಂಪನಿ ಕಡೆಯಿಂದ ಟೆಕ್ ಪ್ಯಾಕ್ ಬರುತ್ತದೆ. ಒಂದು ಸ್ಕೆಚ್, ಅದರ ಕೆಳಗೆ ಅಳತೆಗಳ ಪಟ್ಟಿ. ಬ್ರೌನ್ ಪೇಪರ್ ಹಾಸಿ, ಸ್ಕೇಲು ಮತ್ತು ಫ್ರೆಂಚ್ ಕರ್ವ್ ಅನ್ನುವ ಬಾಗಿದ ಪಟ್ಟಿ ಹಿಡಿದು ಆ ಚಿತ್ರವನ್ನು ಮೈಗೆ ಕೂರುವ ಬಟ್ಟೆಯಾಗಿ ಬಿಡಿಸಬೇಕು. ಒಂದು ತೋಳನ್ನೇ ತೆಗೆದುಕೋ. ತೋಳಿನ ಮೇಲಿನ ಕರ್ವ್, ಅದು ಕೂರುವ ಆರ್ಮ್‌ಹೋಲ್‌ಗಿಂತ (ಕಂಕುಳ ಸುತ್ತಿನ ಕಟ್) ಒಂದಿಷ್ಟು ಉದ್ದ ಇರಬೇಕು, ಹೊಲಿಯುವಾಗ ಟೈಲರ್ ಅದನ್ನು ಒಳಗೆ ತಿನ್ನಿಸುತ್ತಾರೆ. ಜಾಸ್ತಿ ಕೊಟ್ಟರೆ ಭುಜದ ಮೇಲೆ ಸುಕ್ಕು. ಕಮ್ಮಿ ಕೊಟ್ಟರೆ ಕೈ ಎತ್ತಿದಾಗ ಎಳೆಯುತ್ತದೆ. ಎಷ್ಟು ಕೊಡಬೇಕು ಅನ್ನುವುದು ಬಟ್ಟೆಯ ಮೇಲೆ ಹೋಗುತ್ತದೆ. ಉಣ್ಣೆ ಬಟ್ಟೆ ತಿನ್ನುವಷ್ಟು ಬಿಗಿ ನೇಯ್ಗೆಯ ಪಾಪ್ಲಿನ್ ತಿನ್ನಲ್ಲ. ಮೊದಲ ಸ್ಯಾಂಪಲ್ ಹೋಗುತ್ತದೆ, ಕಾಮೆಂಟ್ ಬರುತ್ತದೆ, ಕಾಲು ಇಂಚು ಅಲ್ಲಿ ತೆಗಿ ಇಲ್ಲಿ ಹಾಕು ಅಂತ. ಮತ್ತೆ ಪೇಪರ್ ಹಾಸುವುದು. ಮೀಡಿಯಂ ಸೈಜ್ ಓಕೆ ಆದಮೇಲೆ ಅದನ್ನೇ ಸ್ಮಾಲ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಗ್ರೇಡಿಂಗ್ ಮಾಡಬೇಕು. ಅದೆಲ್ಲ ಲೆಕ್ಕ. ಫಿಸಿಕ್ಸ್‌ನಿಂದ ತಪ್ಪಿಸಿಕೊಂಡರೂ ಭಿನ್ನರಾಶಿ ನಿನ್ನನ್ನು ಬಿಡಲ್ಲ ಅಂತ ತಿಳಿದುಕೋ.

ಇದನ್ನು ಓದಿ ನಿನಗೆ ಬೋರ್ ಆಯಿತೋ, ಇಲ್ಲ ಕೈ ತುರಿಸಿತೋ? ನಿಜ ಹೇಳಿಕೋ. ಬೋರ್ ಆಗಿದ್ದರೆ ನಿನಗೆ ಇಷ್ಟ ಇರುವುದು ಡ್ರೆಸ್ ಹಾಕಿಕೊಳ್ಳುವುದು ಮತ್ತು ಚಿತ್ರ ಬರೆಯುವುದು. ತಪ್ಪೇನೂ ಇಲ್ಲ, ಅದಕ್ಕೆ ಬೇರೆ ದಾರಿಗಳಿವೆ.

ಈಗ ಈ ಟೇಬಲ್‌ಗೆ 16ರ ಹುಡುಗಿ ಬರಲಿಕ್ಕಾಗುತ್ತದಾ? ಆಗಲ್ಲ. ನಮ್ಮಂಥ ಯೂನಿಟ್‌ಗಳಲ್ಲಿ 18 ತುಂಬದವರನ್ನು ಒಳಗೆ ಬಿಡುವುದಿಲ್ಲ. ಗೇಟಿನಲ್ಲೇ ಆಧಾರ್ ಕೇಳುತ್ತಾರೆ, ಯಾಕಂದರೆ ಫಾರಿನ್ ಬೈಯರ್ ಕಡೆಯವರು ಆಡಿಟ್‌ಗೆ ಬಂದು ಕೆಲಸಗಾರರ ವಯಸ್ಸಿನ ದಾಖಲೆ ನೋಡುತ್ತಾರೆ. ಹೋದ ವರ್ಷ ಹಾವೇರಿ ಕಡೆಯ ಒಬ್ಬ ಹುಡುಗಿ ನಿನ್ನ ಹಾಗೇ ಬಂದು ನಮ್ಮ ಗೇಟಿನಿಂದ ವಾಪಸ್ ಹೋದಳು. ಆಮೇಲೆ ಒಂದು ಗಲ್ಲಿಯ ಸಣ್ಣ ಯೂನಿಟ್‌ನಲ್ಲಿ ಹೆಲ್ಪರ್ ಆಗಿದ್ದಳು ಅಂತ ಗೊತ್ತಾಯಿತು. ದಾರ ಕತ್ತರಿಸುವುದು, ಬಂಡಲ್ ಹೊರುವುದು, ಬಾಬಿನ್ ಸುತ್ತುವುದು. ಪಿಜಿ ಬಾಡಿಗೆ ಕಟ್ಟಿದರೆ ಊರಿಗೆ ಹೋಗಿಬರುವ ಬಸ್ ಚಾರ್ಜ್ ಉಳಿದರೆ ಹೆಚ್ಚು. ಮೆಷಿನ್ ಮುಟ್ಟಲು ಬಿಟ್ಟಿರಲಿಲ್ಲ. ವಯಸ್ಸು ಕೇಳುವ ಜಾಗದಲ್ಲಿ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ, ವಯಸ್ಸು ಕೇಳದ ಜಾಗದಲ್ಲಿ ಏನೂ ಕಲಿಸುವುದಿಲ್ಲ.

ಮಾಡೆಲಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ನನ್ನ ಕ್ಷೇತ್ರ ಅಲ್ಲ. ಆದರೆ ಒಂದು ಮಾತು. 14, 15ರ ಹುಡುಗಿಯರನ್ನು ರ‍್ಯಾಂಪ್ ಮೇಲೆ ನಡೆಸುತ್ತಿದ್ದ ಕಾಲ ಒಂದಿತ್ತು. ಇಂಗ್ಲೆಂಡಿನ ಮಾಡೆಲ್ ಕೇಟ್ ಮಾಸ್ ಏಜೆನ್ಸಿಯ ಕಣ್ಣಿಗೆ ಬಿದ್ದದ್ದು 14ರ ವಯಸ್ಸಿನಲ್ಲಿ, 1988ರಲ್ಲಿ, ಏರ್‌ಪೋರ್ಟ್‌ನಲ್ಲಿ. ಈಗ ಪ್ಯಾರಿಸ್‌ನ ದೊಡ್ಡ ಕಂಪನಿಗಳೇ ಹಿಂದೆ ಸರಿದಿವೆ. ಎಲ್‌ವಿಎಂಎಚ್ ಮತ್ತು ಕೆರಿಂಗ್ ಸೇರಿಕೊಂಡು 2017ರಲ್ಲಿ 16ಕ್ಕಿಂತ ಚಿಕ್ಕವರು ಬೇಡ ಅಂದವು. ಗುಚ್ಚಿ ಬ್ರ್ಯಾಂಡ್ ಇರುವ ಕೆರಿಂಗ್ 2019ರಲ್ಲಿ ಅದನ್ನು 18ಕ್ಕೆ ಏರಿಸಿತು. ನಮ್ಮ ದೀಪಿಕಾ ಪಡುಕೋಣೆ ಕಾಲೇಜು ಬಿಟ್ಟವರಲ್ವಾ ಅಂತ ನೀನು ಕೇಳಬಹುದು. ಅವರು ಬಿಟ್ಟದ್ದು ಇಗ್ನೋ ಅನ್ನುವ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ. ಅಷ್ಟರಲ್ಲಿ ಮೌಂಟ್ ಕಾರ್ಮೆಲ್‌ನಲ್ಲಿ ಪಿಯು ಮುಗಿದಿತ್ತು. ಅಪ್ಪ ಅಮ್ಮ ಇದ್ದದ್ದೂ ಬೆಂಗಳೂರಿನಲ್ಲೇ. ಯಾರೋ ಪರಿಚಯದವರ ಮಾತು ನಂಬಿ ರಾತ್ರಿ ಬಸ್ ಹತ್ತಿದವರಲ್ಲ.

ಕಾನೂನಿನ ವಿಷಯವನ್ನೂ ಸುಮ್ನೆ ಬಿಡುವ ಹಾಗಿಲ್ಲ. 18 ತುಂಬದವರು ಕಾಣೆಯಾಗಿದ್ದಾರೆ ಎಂದು ಮನೆಯವರು ದೂರು ಕೊಟ್ಟರೆ, ಅಪಹರಣ ಆಗಿರಬಹುದು ಎಂದೇ ಪೊಲೀಸರು ಎಫ್‌ಐಆರ್ ಹಾಕಬೇಕು. ಸುಪ್ರೀಂ ಕೋರ್ಟ್ 2013ರಲ್ಲೇ ಹಾಗೆ ಹೇಳಿದೆ. ನಿನ್ನನ್ನು ಕರೆಸಿಕೊಂಡ ಗೆಳತಿಯ ಸಂಬಂಧಿಕರೂ ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ. ಇನ್ನು 18ರ ಒಳಗೆ ನೀನು ಸಹಿ ಹಾಕಿದ ಅಗ್ರಿಮೆಂಟ್ ಕಾನೂನಿನ ಮುಂದೆ ನಿಲ್ಲುವುದಿಲ್ಲ. ದುಡ್ಡು ಕೊಡಲಿಲ್ಲ ಎಂದು ಜಗಳ ಆಡಲು ನಿನ್ನ ಕೈಯಲ್ಲಿ ಗಟ್ಟಿ ಕಾಗದವೇ ಇರಲ್ಲ.

ಒಂದು ವೇಳೆ ಮನೆಯಲ್ಲಿ ಹೊಡೆತ ಇದೆ, ಇಲ್ಲ ಓದು ನಿಲ್ಲಿಸಿ ಮದುವೆ ಮಾಡಲು ಹೊರಟಿದ್ದಾರೆ, ಅದನ್ನು ಬರೆಯಲು ನಿನಗೆ ಆಗಿಲ್ಲ ಅನ್ನುವುದಾದರೆ ಇದುವರೆಗೆ ಹೇಳಿದ್ದನ್ನು ಪಕ್ಕಕ್ಕಿಡು. 1098ಕ್ಕೆ ಫೋನ್ ಮಾಡು. ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ, ಯಾವ ಹೊತ್ತಿಗಾದರೂ ಮಾಡಬಹುದು.

ಅಂಥದ್ದೇನೂ ಇಲ್ಲ, ಬರೀ ಸೈನ್ಸ್ ಬೇಡ ಅಂತಾದರೆ, ದಾರಿ ಬೇಕಾದಷ್ಟಿದೆ. ನಿನ್ನ ಎಸ್ಸೆಸ್ಸೆಲ್ಸಿ ಮುಗಿದಿದೆ. ಪಾಲಿಟೆಕ್ನಿಕ್‌ನಲ್ಲಿ ಅಪಾರಲ್ ಡಿಸೈನ್ ಅಂಡ್ ಫ್ಯಾಬ್ರಿಕೇಷನ್ ಟೆಕ್ನಾಲಜಿ ಅಂತ ಮೂರು ವರ್ಷದ ಡಿಪ್ಲೊಮಾ ಇದೆ. ನನ್ನ ಕೇಳಿದರೆ ನಿನಗೆ ಇದೇ ಸರಿ. ಪ್ಯಾಟರ್ನ್, ಹೊಲಿಗೆ, ಬಟ್ಟೆಯ ಗುಣ, ಎಲ್ಲವನ್ನೂ ಕೈಯಲ್ಲಿ ಮಾಡಿಸುತ್ತಾರೆ. ಸರ್ಕಾರಿ ಕಾಲೇಜಿನಲ್ಲಿ ಫೀಸೂ ಕಮ್ಮಿ. ಎಲ್ಲ ಕಡೆ ಈ ಬ್ರಾಂಚ್ ಇಲ್ಲ, ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಮೊದಲು ವಿಚಾರಿಸು. ಅರ್ಜಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ಹೊತ್ತಿಗೆ ಕರೆಯುತ್ತಾರೆ. ನನ್ನ ಪಕ್ಕದ ಟೇಬಲ್‌ನಲ್ಲಿ ಕೂರುವ ಹುಡುಗಿ ಇದನ್ನೇ ಓದಿ ಬಂದವಳು. ಬಂದ ಹೊಸದರಲ್ಲೇ ಗ್ರೇಡಿಂಗ್ ಮಾಡುತ್ತಿದ್ದಳು. ಹೆಲ್ಪರ್ ಆಗಿ ಸೇರಿದವರಿಗೆ ಆ ಟೇಬಲ್ ಸಿಗಲು ಎಷ್ಟೋ ವರ್ಷ ಬೇಕು, ಎಷ್ಟೋ ಜನರಿಗೆ ಸಿಗುವುದೇ ಇಲ್ಲ. ಮೂರು ವರ್ಷ ಆಗಲ್ಲ ಅಂದರೆ ಐಟಿಐನಲ್ಲಿ ಒಂದು ವರ್ಷದ ಕೋರ್ಸ್‌ಗಳಿವೆ, ಡ್ರೆಸ್ ಮೇಕಿಂಗ್, ಫ್ಯಾಷನ್ ಡಿಸೈನ್ ಅಂತ.

ನಿಫ್ಟ್, ಅಂದರೆ ಕೇಂದ್ರ ಸರ್ಕಾರದ ಫ್ಯಾಷನ್ ಕಾಲೇಜಿನ ಕನಸಿದ್ದರೆ ಅದು ಬೇರೆ ಲೆಕ್ಕ. ಎಚ್‌ಎಸ್‌ಆರ್ ಲೇಔಟ್‌ನಲ್ಲೇ ಅವರ ಕ್ಯಾಂಪಸ್ ಇದೆ. ನಾಲ್ಕು ವರ್ಷದ ಬಿ.ಡೆಸ್ (ಡಿಸೈನ್ ಡಿಗ್ರಿ) ಕೋರ್ಸ್‌ಗೆ 12ನೇ ಕ್ಲಾಸ್ ಪಾಸಾಗಿರಬೇಕು, ಯಾವ ವಿಭಾಗವಾದರೂ ನಡೆಯುತ್ತದೆ. ಅಂದರೆ ಆರ್ಟ್ಸ್‌ಗೆ ಬದಲಾಯಿಸಿಕೊಂಡು ಪಿಯುಸಿ ಮುಗಿಸಿದರೂ ಸಾಕು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರೂ ಬರೆಯಬಹುದು. ಎಂಟ್ರೆನ್ಸ್‌ನಲ್ಲಿ ಚಿತ್ರದ ಪೇಪರ್ ಒಂದು, ಸಾಮಾನ್ಯ ಜ್ಞಾನ, ಲೆಕ್ಕ, ಇಂಗ್ಲಿಷ್ ಇರುವ ಪೇಪರ್ ಇನ್ನೊಂದು. ಅದರಲ್ಲಿ ಮೇಲೆ ಬಂದರೆ, ಕೊಟ್ಟ ಸಾಮಾನಿನಲ್ಲೇ ಏನಾದರೂ ಮಾಡಿ ತೋರಿಸುವ ಪರೀಕ್ಷೆ. ಕನ್ನಡದಲ್ಲಿ ಬರೆಯಲಿಕ್ಕಾಗಲ್ಲ, ಹಾಗಾಗಿ ಇಂಗ್ಲಿಷ್ ಓದುವ ಅಭ್ಯಾಸ ಈಗಿನಿಂದಲೇ ಮಾಡಿಕೋ. ಫೀಸು ಲಕ್ಷಗಟ್ಟಲೆ. ಡಿಸೈನರ್ ಸಬ್ಯಸಾಚಿ ಮುಖರ್ಜಿ ಮನೆಯಲ್ಲೂ ಫ್ಯಾಷನ್ ಬೇಡ ಅಂದಿದ್ದರು. ಅವರು ಹೋದದ್ದು ಕೋಲ್ಕತ್ತಾದ ನಿಫ್ಟ್‌ಗೆ, 1999ರಲ್ಲಿ ಪಾಸಾಗಿ ಹೊರಬಂದರು. ಮನೆಯವರ ಮಾತು ಮೀರಿದರು ನಿಜ, ಓದು ಬಿಡಲಿಲ್ಲ. ಕಾಲೇಜಿಗೆ ಹೋಗಲು ಮನಸ್ಸೇ ಇಲ್ಲ ಅಂದರೂ ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲೆಯ ಮೂಲಕ ಮನೆಯಿಂದ 12ನೇ ಕ್ಲಾಸ್ ಬರೆಯಬಹುದು.

ಇನ್ನು ಊರಲ್ಲಿ ಕೂತು ಏನು ಮಾಡಲಿ ಅನ್ನಬೇಡ. ಬಾಗಲಕೋಟೆ ಜಿಲ್ಲೆಯವಳು ನೀನು. ಇಳಕಲ್, ಗುಳೇದಗುಡ್ಡ ಎರಡೂ ನಿನ್ನ ಕಡೆಯವೇ. ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುವ ದೆಹಲಿ, ಮುಂಬೈ ಮಕ್ಕಳು ಗುಳೇದಗುಡ್ಡದ ಖಣವನ್ನು, ಅಂದರೆ ಕುಪ್ಪಸದ ಬಟ್ಟೆಯನ್ನು, ಫೋನಿನಲ್ಲಿ ನೋಡಿ ಬೆರಗಾಗುತ್ತಾರೆ. ನೀನು ಮಗ್ಗದ ಮುಂದೆ ಹೋಗಿ ಕೂರಬಹುದು. ಮೊದಲು ಒಂದು ಖಣ ತಂದು ನಿನ್ನ ಅಳತೆಗೇ ಕುಪ್ಪಸ ಕತ್ತರಿಸು. ಅಗಲ ಕಮ್ಮಿ, ಎರಡೂ ಬದಿಗೆ ಅಂಚು. ಅಂಚು ತೋಳಿನ ತುದಿಗೆ, ಬೆನ್ನಿನ ಕೆಳಗೆ ಸರಿಯಾಗಿ ಬರಬೇಕು, ಬಟ್ಟೆ ಹಾಳಾಗಬಾರದು. ಇದು ಸಣ್ಣ ಪರೀಕ್ಷೆ ಏನಲ್ಲ. ಅಜ್ಜಿಗೋ ದೊಡ್ಡಮ್ಮನಿಗೋ ಕಸೂತಿ ಬರುತ್ತಿದ್ದರೆ ಗವಂತಿ, ಮುರಗಿ ಹೊಲಿಗೆ ಹಾಕುವುದನ್ನು ಕಲಿ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಸಂಜೆ ಹೊತ್ತು ಊರಿನ ಒಳ್ಳೆ ಲೇಡೀಸ್ ಟೈಲರ್ ಹತ್ತಿರ ಹೋಗು. ಮೊದಲು ಹುಕ್ಕು, ಕಾಜಾ, ಫಾಲ್ಸ್ ಕೊಡುತ್ತಾರೆ, ಬೇಡ ಅನ್ನಬೇಡ. ಮಾಡಿದ ಎಲ್ಲದರ ಫೋಟೋ ತೆಗೆದಿಡು, ಒಳಮೈ ಹೊಲಿಗೆಯದ್ದೂ ಸೇರಿಸಿ. ಕೆಲಸ ಗೊತ್ತಿರುವವರು ಬಟ್ಟೆ ಸಿಕ್ಕಿದ ತಕ್ಷಣ ತಿರುಗಿಸಿ ಒಳಗೆ ನೋಡುತ್ತಾರೆ.

ಅಪ್ಪನ ಹತ್ತಿರ ಮಾತಾಡುವಾಗ ಫ್ಯಾಷನ್ ಅನ್ನುವ ಶಬ್ದ ಮೊದಲೇ ತೆಗೆಯಬೇಡ. ಆ ಶಬ್ದ ಕೇಳಿದರೆ ಅವರಿಗೆ ಟಿವಿಯಲ್ಲಿ ನೋಡಿದ್ದೇ ಕಣ್ಣಮುಂದೆ ಬರುತ್ತದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಅನ್ನು. ಆಮೇಲೆ ಬೇಕಾದರೆ ಮುಂದೆ ಓದಬಹುದು ಅನ್ನು. ಎರಡೂ ನಿಜವೇ. ಒಂದು ದಿನ ಅವರನ್ನೇ ಕರೆದುಕೊಂಡು ಹೋಗಿ ಕಾಲೇಜಿನ ಲ್ಯಾಬ್ ತೋರಿಸು, ಸಾಲು ಸಾಲು ಮೆಷಿನ್ ನೋಡಿದರೆ ಗಂಡಸರಿಗೆ ಸ್ವಲ್ಪ ಧೈರ್ಯ ಬರುತ್ತದೆ. ಅಮ್ಮನಿಗೆ ಮೊದಲೇ ಹೇಳಿಟ್ಟಿರು. ಒಂದೇ ಸಲಕ್ಕೆ ಒಪ್ಪುತ್ತಾರೆ ಅಂತ ನಾನು ಹೇಳಲ್ಲ. ಈ ವರ್ಷದ ಪರೀಕ್ಷೆ ಮಾತ್ರ ಬಿಡಬೇಡ. ಫೇಲಾಗಿ ಕೇಳುವವಳಿಗಿಂತ ಪಾಸಾಗಿ ಕೇಳುವವಳ ಮಾತು ಅಪ್ಪಂದಿರ ಕಿವಿಗೆ ಬೇಗ ಬೀಳುತ್ತದೆ.

ಆ ಅಕಾಡೆಮಿಯವರಿಗೆ ಫೋನ್ ಮಾಡಿ ಮೂರು ವಿಷಯ ಕೇಳು. ಸರ್ಟಿಫಿಕೇಟ್ ಯಾವ ಬೋರ್ಡಿನದ್ದು, ಪ್ಯಾಟರ್ನ್ ಕಲಿಸುವವರು ಮೊದಲು ಎಲ್ಲಿ ಕೆಲಸ ಮಾಡಿದ್ದಾರೆ, ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ದಿನ ಕ್ಲಾಸ್ ನೋಡಲು ಬರಬಹುದಾ. ಪೋರ್ಟ್‌ಫೋಲಿಯೋ ಶೂಟ್‌ಗೆ ಅಂತ ಮೊದಲೇ ದುಡ್ಡು ಕೇಳಿದರೆ ಅಲ್ಲೇ ಫೋನ್ ಇಡು. ಸರಿಯಾದ ಏಜೆನ್ಸಿ ಕೆಲಸ ಕೊಡಿಸಿ, ಅದರಲ್ಲಿ ಬಂದ ಹಣದಿಂದ ಕಮಿಷನ್ ತೆಗೆದುಕೊಳ್ಳುತ್ತದೆ. ಈಗಾಗಲೇ ಏನಾದರೂ ಕಟ್ಟಿದ್ದರೆ ಯುಪಿಐ ಸ್ಕ್ರೀನ್‌ಶಾಟು, ಮೆಸೇಜು ಯಾವುದನ್ನೂ ಡಿಲೀಟ್ ಮಾಡಬೇಡ, ಇವತ್ತೇ ಅಮ್ಮನಿಗೆ ತೋರಿಸು.