ಕರಡಿಯ ಬಾಯಿಗೇಕೆ ಬೀಗ?

ಪತ್ರ: ಕೈಯಲ್ಲಿಲ್ಲದ ಷೇರನ್ನು ಎರವಲು ತಂದು ಮಾರಿ, ಬೆಲೆ ಬಿದ್ದಾಗ ಅಗ್ಗಕ್ಕೆ ಕೊಂಡು ಹಿಂದಿರುಗಿಸಲು ಕಾಯುವ ಶಾರ್ಟ್ ಸೆಲ್ಲಿಂಗ್ ಪಾಪದ ದುಡ್ಡಲ್ಲವೇ? ಷೇರು ಒಂದೇ ದಿನ ಶೇ. 10 ಬಿದ್ದರೆ ಶಾರ್ಟ್ ಮಾಡುವವರಿಗೆ ಅಮೆರಿಕ ಹಾಕುವ ಕಡಿವಾಣ ಎಲ್ಲ ಪೇಟೆಗಳಿಗೂ ಬೇಕೆಂದು ನೀವೇಕೆ ಬರೆಯುವುದಿಲ್ಲ?
– ಒಬ್ಬ ಹಳೆಯ ಓದುಗ

ಸಂಪಾದಕರ ಉತ್ತರ: ನಿಮ್ಮ ಕೋಪ ನನಗೆ ಇಷ್ಟವಾಯಿತು, ಗುರಿ ಮಾತ್ರ ತಪ್ಪಿದೆ. ಬೆಲೆ ಬೀಳುತ್ತದೆಂದು ಪಣ ಕಟ್ಟುವವನಿಗೆ ಪೇಟೆಯಲ್ಲಿ ‘ಕರಡಿ’ ಎಂದು ಹೆಸರು. ಗಾಳಿಸುದ್ದಿ ಹಬ್ಬಿಸಿ ಷೇರನ್ನು ಕೆಡವುವ ಖದೀಮರಿದ್ದಾರೆ, ಒಪ್ಪಿದೆ. ಅವರನ್ನು ಹಿಡಿದು ಒಳಗೆ ಹಾಕಲಿ. ಗಾಳಿಸುದ್ದಿಯಿಂದ ಷೇರನ್ನು ಏರಿಸುವವರೂ ಇದ್ದಾರಲ್ಲ, ಅವರ ಮೇಲೆ ನಿಮ್ಮದೊಂದು ಪತ್ರ ಬಂದ ನೆನಪಿಲ್ಲ.

ನೀವು ಮೆಚ್ಚಿದ ನಿಯಮವನ್ನು ಹತ್ತಿರದಿಂದ ನೋಡಿ. ನಿನ್ನೆ 100 ಡಾಲರಿಗೆ ನಿಂತ ಷೇರು ಇಂದು 90ಕ್ಕೆ ಬಿತ್ತೆನ್ನಿ. ಆಗಿನಿಂದ ನಾಳೆ ಪೇಟೆ ಮುಚ್ಚುವವರೆಗೆ, ಶಾರ್ಟ್ ಮಾಡುವವನು ಎಲ್ಲರಿಗಿಂತ ಹೆಚ್ಚಿನ ಬಿಡ್ (ಕೊಳ್ಳುವವರು ಕೊಡುತ್ತೇವೆನ್ನುವ ಬೆಲೆ) ಯಾವುದೋ ಅದಕ್ಕಿಂತ ಮೇಲಿನ ಬೆಲೆಗೇ ಮಾರಬೇಕು. 90 ಕೊಡುತ್ತೇನೆಂದು ದುಡ್ಡು ಹಿಡಿದು ಒಬ್ಬ ನಿಂತಿದ್ದಾನೆ, ಅವನಿಗೆ ಕೊಡುವಂತಿಲ್ಲ. 90.01ಕ್ಕೆ ಆರ್ಡರ್ ಹಾಕಿ ಸಾಲಿನಲ್ಲಿ ಕಾಯಬೇಕು. ಆದರೆ ಕೈಯಲ್ಲಿರುವ ಷೇರನ್ನು ಗಾಬರಿಯಿಂದ ಬಿಸಾಕುವವನಿಗೆ ಯಾವ ತಡೆಯೂ ಇಲ್ಲ. ದಿಕ್ಕೆಟ್ಟು ಓಡುವವನಿಗೆ ಬಾಗಿಲು ತೆರೆದಿದೆ, ಲೆಕ್ಕ ಹಾಕಿ ಬಂದವನಿಗೆ ಚಿಲಕ.

ಇದರ ಅಜ್ಜ, ಬೆಲೆ ಹಿಂದಿನದಕ್ಕಿಂತ ಮೇಲೇರಿದಾಗಲೇ ಶಾರ್ಟ್ ಮಾಡಬೇಕೆಂಬ 1938ರ ‘ಅಪ್‌ಟಿಕ್’ ನಿಯಮ. ಅದರಿಂದ ಏನಾದರೂ ಪ್ರಯೋಜನವಿದೆಯೇ ಎಂದು ಅಮೆರಿಕದ ಷೇರುಪೇಟೆ ಆಯೋಗವೇ 2005ರಲ್ಲಿ ಸುಮಾರು 1000 ಷೇರುಗಳಿಗೆ ವಿನಾಯಿತಿ ಕೊಟ್ಟು ನೋಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. 2007ರಲ್ಲಿ ನಿಯಮವನ್ನೇ ಕಿತ್ತುಹಾಕಿದರು. ಮರುವರ್ಷ ಬ್ಯಾಂಕುಗಳು ಕುಸಿದಾಗ ಪೆಟ್ಟು ಬಿದ್ದದ್ದು ಮತ್ತೆ ಕರಡಿಗೇ: ಸೆಪ್ಟೆಂಬರಿನಲ್ಲಿ ಹಣಕಾಸು ಕಂಪನಿಗಳ ಶಾರ್ಟ್ ಸೆಲ್ಲಿಂಗ್ ಪೂರ್ತಿ ನಿಷೇಧ. ಬೀಳುವ ಷೇರುಗಳು ಬೀಳುತ್ತಲೇ ಇದ್ದವು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಹಿಗ್ಗಿತು, ಅದನ್ನು ತೆತ್ತವರಲ್ಲಿ ನಿಮ್ಮಂಥ ಸಣ್ಣ ಹೂಡಿಕೆದಾರರೂ ಇದ್ದರು. ನಿಷೇಧ ಹೇರಿದ ಆಯೋಗದ ಅಧ್ಯಕ್ಷ ಕ್ರಿಸ್ಟೋಫರ್ ಕಾಕ್ಸ್ ಆ ವರ್ಷಾಂತ್ಯಕ್ಕೆ, ಲಾಭಕ್ಕಿಂತ ನಷ್ಟವೇ ಹೆಚ್ಚಾದಂತಿದೆ ಎಂದರು. ಆದರೂ 2010ರಲ್ಲಿ ನಿಮ್ಮ ಪ್ರೀತಿಯ ಶೇ. 10 ಬಂತು!

ಜರ್ಮನಿಯ ಕತೆ ಇನ್ನೂ ಚೆನ್ನಾಗಿದೆ. ವೈರ್‌ಕಾರ್ಡ್ ಕಂಪನಿಯ ಲೆಕ್ಕ ಸರಿಯಿಲ್ಲವೆಂದು ಪತ್ರಕರ್ತರು ಬರೆದರು, ಕರಡಿಗಳು ಅನುಮಾನಪಟ್ಟವು. 2019ರ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಕರು ಕಂಪನಿಯನ್ನು ಬಿಟ್ಟು ಕರಡಿಗಳನ್ನು ಹಿಡಿದರು: ಎರಡು ತಿಂಗಳು ಶಾರ್ಟ್ ನಿಷೇಧ, ಸಾಲದ್ದಕ್ಕೆ ಪತ್ರಕರ್ತರ ಮೇಲೂ ದೂರು. 2020ರ ಜೂನಿನಲ್ಲಿ ಗೊತ್ತಾಯಿತು, ಕಂಪನಿಯ ಲೆಕ್ಕದ ಪುಸ್ತಕದಲ್ಲಿದ್ದ 190 ಕೋಟಿ ಯೂರೋ ಬ್ಯಾಂಕಿನಲ್ಲೇ ಇಲ್ಲ.

ಕಂಡದ್ದನ್ನು ಹೇಳಿದರೆ ಕೆಂಡದಂಥ ಕೋಪ. ಇದು ಷೇರುಪೇಟೆಯ ರೋಗ ಮಾತ್ರ ಎಂದುಕೊಳ್ಳಬೇಡಿ. ಪುಸ್ತಕ ವಿಮರ್ಶೆಯ ಪುಟ ತೆರೆದು ನೋಡಿ: ಎಲ್ಲರೂ ‘ಭರವಸೆಯ’ ಲೇಖಕರೇ. ಹೋದ ತಿಂಗಳು ನಮ್ಮಲ್ಲೊಂದು ಕವನ ಸಂಕಲನವನ್ನು ಎರಡೇ ಸಾಲು ತೆಗಳಿದ್ದಕ್ಕೆ ಮೂರು ಚಂದಾ ರದ್ದಾದವು. ಹೊಗಳಿಕೆ ಅತಿಯಾಯಿತೆಂದು ಚಂದಾ ನಿಲ್ಲಿಸಿದವರನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಅಂದಹಾಗೆ, ನಿಮ್ಮ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ.